ನಾಪೋಕ್ಲು ಕಡೆಯ ನಮ್ಮ ಶಾಲೆಯ ತೋಟ: ಮೂರು ಮಳೆಗಾಲಗಳ ಅನುಭವ

2022ರ ಜೂನ್ ಮೊದಲ ವಾರದಲ್ಲಿ ನಮ್ಮ ಶಾಲೆಯ ಹಿಂಬದಿಯ ಜಾಗದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಬೆಂಡೆ, ಬೀನ್ಸ್, ಹರಿವೆ ಮತ್ತು ಮೂಲಂಗಿಯ ಬೀಜಗಳನ್ನು ಬಿತ್ತಿಸಿದೆ. ನಾನು ಹುಟ್ಟಿ ಬೆಳೆದದ್ದು ತಿಪಟೂರಿನ ಕಡೆ. ಅಲ್ಲಿ ಮುಂಗಾರಿನ ಮೊದಲ ಹದಮಳೆ ಬಿದ್ದ ಕೂಡಲೇ ಬೀಜ ಬಿತ್ತುವುದು ರೂಢಿ. ಮಳೆ ಬಂದ ಮೇಲೆ ತಡಮಾಡಿದವನನ್ನು ಸೋಮಾರಿ ಎನ್ನುತ್ತಾರೆ. ಕೊಡಗಿಗೆ ವರ್ಗವಾಗಿ ಬಂದು ಒಂದು ವರ್ಷವೂ ತುಂಬಿರಲಿಲ್ಲ. ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಒಂದೇ ಹೊತ್ತಿಗೆ ಬರುವುದರಿಂದ ತೋಟಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಬೇರೆ ಇಲ್ಲವೆಂದೇ ನಂಬಿದ್ದೆ. ಬಿಸಿಯೂಟದ ಅಡುಗೆ ಮಾಡುವ ಅಕ್ಕ ಬಾಗಿಲಲ್ಲಿ ನಿಂತು ನೋಡಿ, "ಈಗ ಹಾಕಿದ್ರೆ ನಿಲ್ಲುದಿಲ್ಲ ಟೀಚರ್, ಕೈಲ್‌ಪೊಳ್ದ್ ಕಳೀಲಿ" ಎಂದಿದ್ದರು. ಕೊಡವರು ಆಯುಧಪೂಜೆ ಮಾಡುವ ಹಬ್ಬವಾದ ಕೈಲ್‌ಪೊಳ್ದ್ ಬರುವುದು ಸೆಪ್ಟೆಂಬರ್ ಆರಂಭದಲ್ಲಿ. ಮೂರು ತಿಂಗಳು ನೆಲವನ್ನು ಖಾಲಿ ಬಿಡುವುದೇ ಎಂದು ನಾನು ಆ ಮಾತಿಗೆ ಕಿವಿಗೊಡಲಿಲ್ಲ.

ಜುಲೈ ಎರಡನೆಯ ವಾರದ ಮಳೆ ರಜೆ ಮುಗಿಸಿ ಬಂದಾಗ ನಾವು ಮಾಡಿದ್ದ ಪಾತಿಗಳು ಇದ್ದ ಗುರುತೇ ಇರಲಿಲ್ಲ. ಮೇಲ್ಮಣ್ಣು ಕೊಚ್ಚಿಹೋಗಿ ಕೆಳಗಿನ ಕೆಂಪು ಜಲ್ಲಿಯಂತಹ ಮಣ್ಣು ಕಾಣಿಸುತ್ತಿತ್ತು, ಮೊಳೆತಿದ್ದ ಬೆಂಡೆ ಸಸಿಗಳು ಬುಡ ಕೊಳೆತು ಮಲಗಿದ್ದವು, ಆಟದ ಮೈದಾನದ ಅಂಚಿನ ಚರಂಡಿಯಲ್ಲಿ ಐದಾರು ಬೀನ್ಸ್ ಗಿಡಗಳು ಮಾತ್ರ ತಾವಾಗಿ ನಿಂತಿದ್ದವು. ತಿಪಟೂರಿನಲ್ಲಿ ಇಡೀ ವರ್ಷ ಬೀಳುವಷ್ಟು ಮಳೆ ಮಡಿಕೇರಿಯ ಸುತ್ತ ಜುಲೈ ಒಂದೇ ತಿಂಗಳಲ್ಲಿ ಬೀಳುತ್ತದೆ ಎಂಬುದನ್ನು ಭೂಗೋಳದ ಪಾಠದಲ್ಲಿ ಹೇಳಿಕೊಟ್ಟವಳೇ ನಾನು. ಆ ಅಂಕಿಯ ಅರ್ಥ ಅಂದು ಆ ಚರಂಡಿಯ ಬಳಿ ನಿಂತಾಗ ಹೊಳೆಯಿತು. ಐದನೇ ತರಗತಿಯ ಹುಡುಗನೊಬ್ಬ ತಾನು ನೆಟ್ಟ ಸಾಲು ಯಾವುದು ಎಂದು ಹುಡುಕುತ್ತಾ ಹೋದದ್ದನ್ನು ನೋಡಿ ನನಗೆ ಬಹಳ ಸಂಕಟವಾಯಿತು.

ಈ ತೋಟದ ಆಲೋಚನೆ ಬಂದದ್ದು ಒಂದು ಲೆಕ್ಕದಿಂದ. ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಮಾಡಬೇಕೆಂದು ಕೇಂದ್ರದ ಶಿಕ್ಷಣ ಇಲಾಖೆ 2019ರಲ್ಲಿ ಮಾರ್ಗಸೂಚಿ ಹೊರಡಿಸಿತ್ತು, ಆ ಕಾಗದ ನಮ್ಮ ಕಡತದಲ್ಲಿಯೂ ಇತ್ತು. ಆದರೆ ಕಾಗದ ಓದಿ ಯಾರಿಗೂ ತೋಟ ಮಾಡುವ ಮನಸ್ಸು ಬರುವುದಿಲ್ಲ. ಬಿಸಿಯೂಟದ ನಿಯಮದಂತೆ ಒಂದರಿಂದ ಐದನೇ ತರಗತಿಯ ಪ್ರತಿ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಆರು ಮತ್ತು ಏಳನೇ ತರಗತಿಯ ಮಗುವಿಗೆ 75 ಗ್ರಾಂ ತರಕಾರಿ ಸಿಗಬೇಕು. ನಮ್ಮಲ್ಲಿ ಆಗ ಕಿರಿಯರು 38, ಹಿರಿಯರು 24. ಗಣಿತದ ತರಗತಿಯಲ್ಲಿ ಏಳನೆಯವರಿಂದಲೇ ಲೆಕ್ಕ ಮಾಡಿಸಿದಾಗ ದಿನಕ್ಕೆ 3 ಕಿಲೋ 700 ಗ್ರಾಂ, 220 ಶಾಲಾ ದಿನಗಳಿಗೆ 814 ಕಿಲೋ ಎಂದು ಬಂದಿತು. ಅದೇ ವಾರ ಅಡುಗೆಮನೆಗೆ ಹೋಗಿ ನೋಡಿದರೆ ತಕ್ಕಡಿಯ ಮೇಲೆ ಎರಡು ಕಿಲೋ ಕೂಡ ಇರಲಿಲ್ಲ. ಯಾರ ತಪ್ಪೂ ಅಲ್ಲ. ಮಳೆಗಾಲದಲ್ಲಿ ನಮ್ಮ ಕಡೆಯ ಸಂತೆಗೆ ತರಕಾರಿ ಬರುವುದು ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರಗಳ ಕಡೆಯಿಂದ. ದಾರಿಯಲ್ಲಿ ಮರ ಬಿದ್ದರೆ ಅಥವಾ ಬರೆ ಜರಿದರೆ ಗಾಡಿ ಬರುವುದಿಲ್ಲ, ಬಂದರೆ ಬೆಲೆ ಏರಿರುತ್ತದೆ, ತರಕಾರಿ ಮತ್ತು ಸಾದಿಲ್ವಾರಿಗೆಂದು ಶಾಲೆಗೆ ಬರುವ ಹಣ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಮಕ್ಕಳ ಸಾಂಬಾರಿನಲ್ಲಿ ಆಲೂಗಡ್ಡೆ, ಈರುಳ್ಳಿಯೇ ಹೆಚ್ಚು. ಆ ಕೊರತೆಯನ್ನು ಮಕ್ಕಳೇ ಲೆಕ್ಕ ಹಾಕಿ ಕಂಡುಹಿಡಿದಿದ್ದರಿಂದ "ನಾವೇ ಬೆಳೆದರೆ ಆಗುವುದಿಲ್ಲವೇ" ಎಂಬ ಪ್ರಶ್ನೆಯೂ ಅವರಿಂದಲೇ ಬಂದಿತು.

ಬೆಳೆ ಹೋದ ಮೇಲೆ ನಾನು ಅಡುಗೆಯ ಅಕ್ಕನ ಬಳಿ ಕುಳಿತು ಅವರ ಮನೆಯ ಹಿತ್ತಲಿನಲ್ಲಿ ಯಾವ ತಿಂಗಳು ಏನಿರುತ್ತದೆ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡೆ. ಅವರು ಹೇಳಿದ್ದರಲ್ಲಿ ನಾನು ಬಿತ್ತಿದ್ದ ಒಂದು ಬೀಜದ ಹೆಸರೂ ಜೂನ್ ತಿಂಗಳಲ್ಲಿ ಬರಲಿಲ್ಲ. ಮಳೆಗಾಲಕ್ಕೆ ಕೆಸ, ಬಸಳೆ, ಚಕ್ರಮುನಿ, ಸೀಮೆಬದನೆ, ಸುವರ್ಣಗಡ್ಡೆ, ಗೆಣಸಿನ ಬಳ್ಳಿ, ಅರಿಸಿನ, ಬಾಳೆ. ಇವೆಲ್ಲ ಏಪ್ರಿಲ್, ಮೇ ತಿಂಗಳ ಮಳೆಗೇ ಬೇರು ಬಿಟ್ಟಿರಬೇಕು, ಜೋರು ಮಳೆ ಹಿಡಿಯುವ ಹೊತ್ತಿಗೆ ಎಲೆ ಹರಡಿ ಮಣ್ಣನ್ನು ಮುಚ್ಚಿಕೊಂಡಿರಬೇಕು. ಬೀಜ ಬಿತ್ತಿ ಬೆಳೆಯುವ ತರಕಾರಿಗಳಿಗೆ ಕಾಲ ಬರುವುದು ದಸರಾ ಹೊತ್ತಿಗೆ ಮಳೆ ಹಿಂದೆ ಸರಿದ ನಂತರ, ಮತ್ತು ಅದು ಮಾರ್ಚ್ ತನಕ ನಡೆಯುತ್ತದೆ. ಅಂದರೆ ಮಣ್ಣು ಒಂದೇ ಆದರೂ ಇಲ್ಲಿ ತೋಟಗಳು ಎರಡು. ಶಾಲೆಯ ವರ್ಷ ಜೂನ್‌ನಿಂದ ಶುರುವಾಗುತ್ತದೆ, ಇಲ್ಲಿನ ಬಿತ್ತನೆಯ ವರ್ಷ ಅಕ್ಟೋಬರ್‌ನಿಂದ ಶುರುವಾಗುತ್ತದೆ. ಈ ಎರಡನ್ನೂ ಬಲವಂತವಾಗಿ ಒಂದು ಮಾಡಲು ಹೋದದ್ದೇ ನಮ್ಮ ಮೊದಲ ಸೋಲಿಗೆ ಕಾರಣ. ಮೈದಾನ ಸೀಮೆಯಿಂದ ಇಲ್ಲಿಗೆ ಬಂದು ಶಾಲೆಯಲ್ಲಿ ತೋಟ ಮಾಡಲು ಹೊರಡುವ ಯಾವುದೇ ಶಿಕ್ಷಕರಿಗೆ ನಾನು ಮೊದಲು ಹೇಳುವ ಮಾತು ಇದೇ.

ಆ ಆಗಸ್ಟ್‌ನಲ್ಲಿ, ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಮೂರು ಮಕ್ಕಳು ಮದ್ದುಸೊಪ್ಪಿನ ಪಾಯಸವನ್ನು ಡಬ್ಬಿಯಲ್ಲಿ ತಂದು ಕೊಟ್ಟರು. ಕಡು ನೇರಳೆ ಬಣ್ಣ. ಆ ಹೊತ್ತಿಗೆ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧದ ಗುಣ ಸೇರಿಕೊಂಡಿರುತ್ತದೆ ಎಂಬುದು ಇಲ್ಲಿನವರ ನಂಬಿಕೆ. ಬೇಲಿಯ ಬದಿಯಲ್ಲಿ, ನಾನು ಕಳೆಯೆಂದು ಕೀಳಿಸಿದ್ದ ಗಿಡವೇ ಅದು ಎಂದು ತಿಳಿದ ಮೇಲೆ, ಮುಂದೆ ಯಾವ ಗಿಡವನ್ನೂ ಮಕ್ಕಳಲ್ಲಿ ಕೇಳದೆ ಕೀಳಬಾರದು ಎಂದು ತೀರ್ಮಾನಿಸಿದೆ. ಮಕ್ಕಳು ಮಳೆಗಾಲದಲ್ಲಿ ಕಾಡಿನ ಅಣಬೆಯನ್ನೂ ತರುತ್ತಿದ್ದರು. ಅದನ್ನು ಮಾತ್ರ ಶಾಲೆಯ ಅಡುಗೆಮನೆಗೆ ಸೇರಿಸಲಿಲ್ಲ. ಮನೆಯವರಿಗೆ ಎಷ್ಟೇ ಪರಿಚಯವಿದ್ದರೂ ಅರವತ್ತು ಮಕ್ಕಳ ತಟ್ಟೆಯ ವಿಷಯದಲ್ಲಿ ಅನುಮಾನಕ್ಕೆ ಎಡೆ ಇರಬಾರದು.

ಸೆಪ್ಟೆಂಬರ್‌ನಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆದು, ತೋಟವನ್ನು ಹೊಸದಾಗಿ ಮಾಡೋಣ ಎಂದು ಪೋಷಕರ ಮುಂದೆ ಇಟ್ಟೆವು. ನಮ್ಮ ಶಾಲೆಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಕಾಫಿ ತೋಟಗಳ ಕಾರ್ಮಿಕರು ಇರುವ ಲೈನ್ ಮನೆಗಳಿಂದ ಬರುವವರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ತಾಯಿ ಎದ್ದು ನಿಂತು ಹೇಳಿದ ಮಾತು ನನಗೆ ಇಂದಿಗೂ ಅಕ್ಷರಶಃ ನೆನಪಿದೆ: "ನಾವು ಬೆಳಗ್ಗೆಯಿಂದ ಸಂಜೆವರೆಗೆ ಮಣ್ಣಲ್ಲೇ ಇರ್ತೇವೆ ಟೀಚರ್. ಮಗಳು ಅದ್ರಿಂದ ಹೊರಗೆ ಬರ್ಲಿ ಅಂತ ಶಾಲೆಗೆ ಕಳ್ಸುದು. ಇಲ್ಲೂ ಗುದ್ದಲಿ ಕೊಟ್ರೆ ಹೇಗೆ?" ಶಿಕ್ಷಕರ ತರಬೇತಿಯಲ್ಲಿ ಓದುವಾಗ, 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಬಗ್ಗೆ, ಕೈಕೆಲಸದ ಮೂಲಕ ಶಿಕ್ಷಣ ಎಂಬ ಅದರ ಸಾರದ ಬಗ್ಗೆ ಹತ್ತು ಅಂಕದ ಉತ್ತರ ಬರೆದವಳು ನಾನು. ಆದರೆ ದಿನವಿಡೀ ಕೈಕೆಲಸವನ್ನೇ ಮಾಡಿ ಬಸವಳಿದ ತಾಯಿಗೆ ಆ ಉತ್ತರದಲ್ಲಿ ಹೇಳಲು ಏನೂ ಇರಲಿಲ್ಲ. ಅವರ ಮಾತು ನ್ಯಾಯವಾದದ್ದು ಎಂದೇ ನನಗೆ ಅನಿಸಿತು, ಸಭೆಯಲ್ಲಿ ಹಾಗೆಯೇ ಹೇಳಿದೆ.

ಆ ಮಾತಿನಿಂದಲೇ ನಮ್ಮ ಕಟ್ಟುಪಾಡುಗಳು ಹುಟ್ಟಿದವು. ಅಗೆಯುವುದು, ಗೊಬ್ಬರ ಹೊರುವುದು, ಬೇಲಿ ಕಟ್ಟುವುದು ದೊಡ್ಡವರ ಕೆಲಸ. ಅದಕ್ಕೆ ವರ್ಷಕ್ಕೆ ಎರಡು ಭಾನುವಾರ ಶ್ರಮದಾನ, ಶಿಕ್ಷಕರೆಲ್ಲರೂ ಗುದ್ದಲಿ ಹಿಡಿಯಲೇಬೇಕು. ಒಂದು ತರಗತಿಗೆ ತೋಟದಲ್ಲಿ ವಾರಕ್ಕೆ ಒಂದೇ ಪಿರಿಯಡ್, ನಲವತ್ತು ನಿಮಿಷ, ಮತ್ತು ಆ ಪಿರಿಯಡ್‌ಗೆ ಒಂದು ಪಾಠ ಅಂಟಿಕೊಂಡಿರಬೇಕು. ಅಳೆಯುವುದೋ, ತೂಗುವುದೋ, ಚಿತ್ರ ಬಿಡಿಸುವುದೋ, ಎಣಿಸಿ ಬರೆಯುವುದೋ ಇಲ್ಲದೆ ಬರಿಯ ಕಳೆ ಕೀಳುವುದಕ್ಕೆ ಮಕ್ಕಳನ್ನು ಕಳಿಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತೋಟದ ಕೆಲಸವನ್ನು ಯಾರಿಗೂ ಶಿಕ್ಷೆಯಾಗಿ ಕೊಡುವಂತಿಲ್ಲ. ತಡವಾಗಿ ಬಂದ ಇಬ್ಬರು ಹುಡುಗರನ್ನು ಒಮ್ಮೆ ಕಳೆ ಕೀಳಲು ಕಳಿಸಿದ್ದು ನನಗೆ ತಿಳಿದಾಗ ಶಿಕ್ಷಕರ ಕೊಠಡಿಯಲ್ಲಿ ಸಾಕಷ್ಟು ಚರ್ಚೆ ನಡೆಯಿತು. ಮಣ್ಣು ಮುಟ್ಟುವುದು ಅವಮಾನ ಎಂದು ಮಗುವಿಗೆ ಕಲಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಆ ಹುಡುಗರಲ್ಲಿ ಒಬ್ಬನ ತಂದೆಯ ಉದ್ಯೋಗವೇ ಕಳೆ ಹೊಡೆಯುವುದು ಎಂಬುದನ್ನು ನೆನೆದರೆ ನನಗೆ ಈಗಲೂ ಬೇಸರವಾಗುತ್ತದೆ. ಆ ಮೇಲೆ ಅಂತಹದ್ದು ನಡೆಯಲಿಲ್ಲ.

ಬಾವಿಯ ಪಕ್ಕದ ನಾಲ್ಕು ಸೆಂಟ್ ಜಾಗದಲ್ಲಿ, ಇಳಿಜಾರಿಗೆ ಅಡ್ಡಲಾಗಿ, ಒಂದು ಮೀಟರ್ ಅಗಲ ಮತ್ತು ಆರು ಮೀಟರ್ ಉದ್ದದ ಹನ್ನೆರಡು ಏರುಮಡಿಗಳನ್ನು ಮಾಡಿದೆವು. ಮಡಿಯ ನಡುವೆ ಮೊಣಕೈ ಆಳದ ಚರಂಡಿ, ಮೇಲ್ಬದಿಯಲ್ಲಿ ಕಾಫಿ ತೋಟಗಳಲ್ಲಿ ಇರುವಂತೆ ನೀರು ನಿಂತು ಇಂಗಲು ನಾಲ್ಕು ತೊಟ್ಟಿಲುಗುಂಡಿ. ಮಡಿಯ ಅಂಚು ಜರಿಯದಂತೆ ಅಡಿಕೆ ದಬ್ಬೆ ಕೊಟ್ಟೆವು. ಪಕ್ಕದ ತೋಟದವರು ಹಾಲವಾಣದ ಗೂಟಗಳನ್ನೂ ಎರಡು ಟ್ರ್ಯಾಕ್ಟರ್ ಕೊಳೆತ ಕಾಫಿ ಸಿಪ್ಪೆಯನ್ನೂ ಹಣ ತೆಗೆದುಕೊಳ್ಳದೆ ಕೊಟ್ಟರು. ಹಾಲವಾಣದ ಗೂಟ ಚಿಗುರಿ ಜೀವಂತ ಬೇಲಿಯಾಗುತ್ತದೆ, ಅದರ ಸೊಪ್ಪು ಗೊಬ್ಬರವಾಗುತ್ತದೆ. ಗೂಟಗಳ ನಡುವೆ ತಾಯಂದಿರು ತಂದ ಹಳೆಯ ಸೀರೆಗಳನ್ನು ಕಟ್ಟಿದೆವು. ಅದು ಮುಂದಿನ ವರ್ಷ ಕಾಡುಹಂದಿಯನ್ನು ತಡೆಯಲಿಲ್ಲ. ಒಂದೇ ರಾತ್ರಿಯಲ್ಲಿ ಎರಡು ಮಡಿ ಗೆಣಸು ಹೋಯಿತು, ಅಲ್ಲಿಂದ ಗೆಣಸನ್ನು ಗೆಡ್ಡೆಗಾಗಿ ಅಲ್ಲ, ಕುಡಿಯ ಸೊಪ್ಪಿಗಾಗಿ ಶಾಲೆಯ ಗೋಡೆಗೆ ತಾಗಿದಂತೆ ಮಾತ್ರ ಬೆಳೆಸುತ್ತಿದ್ದೇವೆ.

ಮಣ್ಣಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ತೋಟ ನಿಂತದ್ದು ಅದರಿಂದ. ಮಳೆ ಹೆಚ್ಚಾದಷ್ಟೂ ಮಣ್ಣಿನಲ್ಲಿರುವ ಸುಣ್ಣದ ಅಂಶ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ. ಕಾಫಿ ಬೆಳೆಗಾರರು ಎರಡು ಮೂರು ವರ್ಷಕ್ಕೊಮ್ಮೆ ತೋಟಕ್ಕೆ ಸುಣ್ಣ ಹಾಕುವುದು ಇದಕ್ಕೇ. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣಿನ ಮಾದರಿ ಕಳಿಸಿದಾಗ ನಮ್ಮ ಮಣ್ಣಿನ ರಸಸಾರ (ಪಿಎಚ್) 5.1 ಎಂದು ಬಂದಿತು; ಹೆಚ್ಚಿನ ತರಕಾರಿಗಳು 6ಕ್ಕೂ 7ಕ್ಕೂ ನಡುವೆ ಚೆನ್ನಾಗಿ ಬರುತ್ತವೆ. ಏಳನೇ ತರಗತಿಯ ವಿಜ್ಞಾನದಲ್ಲಿ ಆಮ್ಲ ಮತ್ತು ಪ್ರತ್ಯಾಮ್ಲದ ಪಾಠವಿದೆ. ಶಾಲೆಯ ಮುಂದಿನ ಕೆಂಪು ದಾಸವಾಳದ ಹೂಗಳನ್ನು ಬಿಸಿನೀರಿನಲ್ಲಿ ನೆನೆಸಿ ರಸ ತೆಗೆದು, ಒಂದು ಲೋಟಕ್ಕೆ ನಿಂಬೆರಸ, ಇನ್ನೊಂದಕ್ಕೆ ಸುಣ್ಣದ ತಿಳಿನೀರು, ಮತ್ತೊಂದಕ್ಕೆ ನಮ್ಮ ಮಣ್ಣು ಕಲಸಿ ಸೋಸಿದ ನೀರು ಹಾಕಿದೆವು. ನಿಂಬೆಯದು ಗಾಢ ಗುಲಾಬಿಯಾಯಿತು, ಸುಣ್ಣದ್ದು ಹಸಿರಾಯಿತು, ಮಣ್ಣಿನ ನೀರು ಮಾತ್ರ ಹೆಚ್ಚೇನೂ ಬದಲಾಗಲಿಲ್ಲ. ಮಕ್ಕಳಿಗೆ ನಿರಾಸೆಯಾಯಿತು. ದಾಸವಾಳದ ರಸ ಇಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿಯುವಷ್ಟು ಸೂಕ್ಷ್ಮವಲ್ಲ, ಅದಕ್ಕಾಗಿಯೇ ಪ್ರಯೋಗಶಾಲೆಗೆ ಕಳಿಸಿದ್ದು ಎಂದು ವಿವರಿಸಿದೆ. ಒಂದು ಪ್ರಯೋಗ ಏನನ್ನು ತೋರಿಸಲಾರದು ಎಂಬುದೂ ಪಾಠದ ಭಾಗವೇ ಅಲ್ಲವೇ? ಚದರ ಮೀಟರಿಗೆ 200 ಗ್ರಾಂ ಕೃಷಿ ಸುಣ್ಣ ಹಾಕಬೇಕೆಂದು ಸಲಹೆ ಬಂದಿತ್ತು. ಹನ್ನೆರಡು ಮಡಿಗೆ ಎಷ್ಟು? 72 ಚದರ ಮೀಟರ್, 14 ಕಿಲೋ 400 ಗ್ರಾಂ. ವಿಸ್ತೀರ್ಣದ ಲೆಕ್ಕವನ್ನು ಪ್ರತಿ ವರ್ಷ ತಪ್ಪು ಮಾಡುತ್ತಿದ್ದ ಮಕ್ಕಳು ಅಂದು ಟೇಪ್ ಹಿಡಿದು ಅಳೆದು ಒಂದೇ ಬಾರಿಗೆ ಸರಿಯಾಗಿ ಮಾಡಿದರು. ಶಾಲೆಯಲ್ಲಿ ಮೊಟ್ಟೆ ಕೊಡಲು ಆರಂಭವಾದ ಮೇಲೆ ಸಿಪ್ಪೆಯನ್ನು ತೊಳೆದು ಒಣಗಿಸಿ, ಕುಟ್ಟಿ ಪುಡಿಮಾಡಿ ಮಡಿಗೆ ಸೇರಿಸುವುದನ್ನೂ ರೂಢಿ ಮಾಡಿಕೊಂಡಿದ್ದೇವೆ. ಅದೂ ಸುಣ್ಣದ ಅಂಶವೇ, ಕರಗುವುದು ಮಾತ್ರ ಬಹಳ ನಿಧಾನ.

ಅಕ್ಟೋಬರ್‌ನಲ್ಲಿ ಬಿತ್ತಿದ ಹರಿವೆ ಇಪ್ಪತ್ತೈದನೆಯ ದಿನಕ್ಕೆ ಕೊಯ್ಲಿಗೆ ಬಂದಿತು. ಮೂಲಂಗಿ, ಬೀನ್ಸ್, ಬೆಂಡೆ ಒಂದರ ಹಿಂದೊಂದು ಬಂದವು. ಇವುಗಳ ಬಗ್ಗೆ ಹೇಳಲು ಹೆಚ್ಚಿಲ್ಲ; ಕಾಲಕ್ಕೆ ಸರಿಯಾಗಿ ಬಿತ್ತಿ, ಬುಡಕ್ಕೆ ತರಗೆಲೆ ಹೊದಿಸಿದರೆ ಅವು ತಮ್ಮ ಕೆಲಸ ತಾವು ಮಾಡುತ್ತವೆ. ತೊಂದರೆ ಕೊಟ್ಟದ್ದು ಟೊಮೆಟೊ. ಜನವರಿಯಲ್ಲಿ ಕಾಯಿ ಹಿಡಿದಿದ್ದ ಗಿಡಗಳು ಹಸಿರಾಗಿರುವಂತೆಯೇ ಬಾಡತೊಡಗಿದವು. ಮಕ್ಕಳು ನೀರು ಸಾಲದೆಂದು ಎರಡು ಹೊತ್ತು ನೀರು ಹಾಕಿದರು, ಬಾಡುವುದು ಇನ್ನೂ ಹೆಚ್ಚಾಯಿತು. ನಾಲ್ಕು ದಿನದಲ್ಲಿ ಇಪ್ಪತ್ತೆರಡು ಗಿಡಗಳಲ್ಲಿ ಹದಿನಾರು ಹೋದವು.

ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ವಿಚಾರಿಸಿದಾಗ ಅವರು ಒಂದು ಪರೀಕ್ಷೆ ಹೇಳಿಕೊಟ್ಟರು, ಅದನ್ನು ಮರುದಿನವೇ ತರಗತಿಯಲ್ಲಿ ಮಾಡಿದೆವು. ಬಾಡಿದ ಗಿಡದ ಬುಡದಿಂದ ಬೆರಳುದ್ದದ ಕಾಂಡವನ್ನು ಕತ್ತರಿಸಿ, ಅದರ ಕತ್ತರಿಸಿದ ತುದಿ ನೀರಿಗೆ ತಾಗುವಂತೆ ಗಾಜಿನ ಲೋಟದಲ್ಲಿ ದಾರದಿಂದ ಇಳಿಬಿಟ್ಟು, ಲೋಟವನ್ನು ಕಿಟಕಿಯ ಬೆಳಕಿಗೆ ಇಟ್ಟೆವು. ಮಕ್ಕಳೆಲ್ಲ ಮೇಜಿನ ಸುತ್ತ ಉಸಿರು ಬಿಗಿಹಿಡಿದು ನಿಂತಿದ್ದರು. ಮೂರು ನಾಲ್ಕು ನಿಮಿಷ ಏನೂ ಇಲ್ಲ. ನಂತರ ಕಾಂಡದ ತುದಿಯಿಂದ ಕೂದಲಿನಷ್ಟು ತೆಳ್ಳಗಿನ ಒಂದು ಬಿಳಿಯ ಎಳೆ ಕೆಳಗಿಳಿಯತೊಡಗಿತು, ಅದರ ಪಕ್ಕದಲ್ಲಿ ಮತ್ತೊಂದು, ಹಾಲನ್ನು ನೀರಿಗೆ ಹನಿಸಿದರೆ ಹೇಗೆ ಇಳಿಯುತ್ತದೆಯೋ ಹಾಗೆ, ಆದರೆ ಅದಕ್ಕಿಂತ ನಿಧಾನವಾಗಿ, ತಳ ಮುಟ್ಟುವವರೆಗೂ ತುಂಡಾಗದೆ. ಅವು ಬ್ಯಾಕ್ಟೀರಿಯಾ. ಗಿಡದ ನೀರಿನ ಕೊಳವೆಗಳಲ್ಲಿ ತುಂಬಿಕೊಂಡು ನೀರು ಮೇಲೇರದಂತೆ ತಡೆದು ಗಿಡವನ್ನು ಬಾಡಿಸುವ ಸೊರಗು ರೋಗದ ಬ್ಯಾಕ್ಟೀರಿಯಾ. ಕಣ್ಣಿಗೆ ಕಾಣದ ಜೀವಿಗಳು ಎಂದು ಪುಸ್ತಕದಲ್ಲಿ ಓದಿದ್ದನ್ನು ಆ ದಿನ ಮಕ್ಕಳು ರಾಶಿಯಾಗಿ ಕಣ್ಣಾರೆ ಕಂಡರು. ನೀರು ಹಾಕಿದಷ್ಟೂ ರೋಗ ಹರಡಿದ್ದು ಏಕೆ ಎಂದು ಒಬ್ಬಳು ಕೇಳಿದಳು, ಚರಂಡಿಯ ನೀರು ಯಾವ ಗಿಡದಿಂದ ಯಾವ ಗಿಡಕ್ಕೆ ಹರಿದಿದೆ ಎಂದು ನಕ್ಷೆ ಬರೆದಾಗ ಉತ್ತರ ಅವಳಿಗೇ ಸಿಕ್ಕಿತು. ಆ ಮಡಿಯಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ಈ ಒಂದೇ ಕುಟುಂಬದ ಯಾವುದನ್ನೂ ಕೆಲವು ವರ್ಷ ಹಾಕಬಾರದು ಎಂದು ತೋಟದ ವಹಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟೆವು. ಮುಂದಿನ ವರ್ಷ ಬೇರೆ ಮಡಿಯಲ್ಲಿ ಸೊರಗು ರೋಗವನ್ನು ತಡೆದುಕೊಳ್ಳುವ ಅರ್ಕಾ ರಕ್ಷಕ್ ತಳಿಯ ಸಸಿಗಳನ್ನು ನೆಟ್ಟಾಗ ಮೂರು ಮಾತ್ರ ಹೋದವು.

2023ರಲ್ಲಿ ಮುಂಗಾರು ಕೈಕೊಟ್ಟಿತು. ಆ ಆಗಸ್ಟ್‌ನಲ್ಲಿ ನಮ್ಮ ಊರಿನ ಗದ್ದೆಗಳಲ್ಲಿ ನೀರಿಲ್ಲದೆ ಹಿರಿಯರು ಆಕಾಶ ನೋಡುತ್ತಿದ್ದರು. ನಮ್ಮ ಕೆಸದ ಎಲೆಗಳೂ ಸಣ್ಣವಾದವು. ಆದರೆ ಆ ವರ್ಷವೇ ನಮ್ಮ ತೋಟಕ್ಕೆ ಒಂದು ಹೊಸ ಬೆಳೆ ಬಂದಿತು, ಮತ್ತು ಅದನ್ನು ತಂದದ್ದು ಶಾಲೆಯಲ್ಲಿ ಬಾಯಿ ತೆರೆಯದೆ ಕುಳಿತಿರುತ್ತಿದ್ದ ಒಬ್ಬ ಹುಡುಗಿ.

ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದ ಕುಟುಂಬದ ಮಗು, ನಾಲ್ಕನೇ ತರಗತಿಗೆ ಸೇರಿದ್ದಳು. ಕನ್ನಡ ಬರುತ್ತಿರಲಿಲ್ಲ. ಮೂರು ತಿಂಗಳು ಹಾಜರಿಗೆ "ಎಸ್ ಟೀಚರ್" ಎಂದದ್ದು ಬಿಟ್ಟರೆ ಅವಳ ದನಿಯನ್ನು ನಾನು ಕೇಳಿರಲಿಲ್ಲ. ತೋಟದ ಪಿರಿಯಡ್‌ನಲ್ಲಿ ಒಂದು ದಿನ ಮಕ್ಕಳು ಹರಿವೆಯ ಬೀಜ ಚೆಲ್ಲುತ್ತಿದ್ದಾಗ ಅವಳು ನನ್ನ ಸೆರಗು ಎಳೆದು, ಅಂಗೈಯಲ್ಲಿ ಮುಚ್ಚಿಟ್ಟುಕೊಂಡಿದ್ದ ಕಾಗದದ ಪೊಟ್ಟಣವನ್ನು ಬಿಚ್ಚಿ ತೋರಿಸಿದಳು. ಸಾಸಿವೆಯಂತಹ ಕಂದು ಬೀಜ. "ಲಾಯಿ" ಎಂದಳು. ಅವಳ ತಾಯಿ ಊರಿನಿಂದ ತಂದು ಲೈನ್ ಮನೆಯ ಹಿಂದೆ ಬೆಳೆಯುತ್ತಿದ್ದ ಸಾಸಿವೆ ಸೊಪ್ಪು; ಅಸ್ಸಾಮಿನಲ್ಲಿ ಚಳಿಗಾಲದಲ್ಲಿ ಮನೆಮನೆಯಲ್ಲಿ ತಿನ್ನುವ ಸೊಪ್ಪು ಅದು. ಅರ್ಧ ಮಡಿಯನ್ನು ಅವಳಿಗೆ ಬಿಟ್ಟುಕೊಟ್ಟೆ. ಬಿತ್ತಿದ ಮೇಲೆ ಒಣ ಮಣ್ಣನ್ನು ಎರಡೂ ಕೈಯಲ್ಲಿ ಉಜ್ಜಿ ಪುಡಿಮಾಡಿ ಬೀಜದ ಮೇಲೆ ಜರಡಿ ಹಿಡಿದಂತೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ತಟ್ಟುತ್ತಾ ಹೋದ ಅವಳ ರೀತಿಯನ್ನು ನೋಡಿ ಉಳಿದ ಮಕ್ಕಳು ತಮ್ಮ ಮಡಿಗೂ ಹಾಗೆಯೇ ಮಾಡಿದರು. ಕೊಡಗಿನ ನವೆಂಬರ್‌ನ ಇಬ್ಬನಿ ಆ ಸೊಪ್ಪಿಗೆ ಹೇಳಿ ಮಾಡಿಸಿದಂತಿತ್ತು. ಡಿಸೆಂಬರ್ ಹೊತ್ತಿಗೆ ಒಂದೊಂದು ಎಲೆ ಮೊರದಷ್ಟು ಅಗಲವಾಗಿತ್ತು. ಅಡುಗೆಯ ಅಕ್ಕ ಮೊದಲು ಸ್ವಲ್ಪ ಹಿಂಜರಿದರು, ಆಮೇಲೆ ಆ ಹುಡುಗಿಯ ತಾಯಿಯನ್ನೇ ಕರೆಸಿ ಹೇಗೆ ಮಾಡುವುದೆಂದು ಕೇಳಿ, ಬೇಳೆಯೊಂದಿಗೆ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರು. ನಿಯಮದಂತೆ ಮಕ್ಕಳಿಗಿಂತ ಮೊದಲು ಶಿಕ್ಷಕರು ರುಚಿ ನೋಡಬೇಕು. ಅಂದು ನಾವು ನಾಲ್ವರೂ ರುಚಿ ನೋಡಿದೆವು. ಸ್ವಲ್ಪ ಕಹಿ, ಸ್ವಲ್ಪ ಖಾರ. ಮಕ್ಕಳು ಅನ್ನಕ್ಕೆ ಎರಡನೇ ಬಾರಿ ಹಾಕಿಸಿಕೊಂಡರು.

ಊಟಕ್ಕಿಂತ ಮುಖ್ಯವಾದದ್ದು ಆಮೇಲೆ ನಡೆಯಿತು. ಲಾಯಿಗೆ ಕನ್ನಡದಲ್ಲಿ ಏನು ಎಂದು ಆ ಹುಡುಗಿ ಕೇಳತೊಡಗಿದಳು, ಹರಿವೆಗೆ ನಿಮ್ಮಲ್ಲಿ ಏನು ಎಂದು ಬೇರೆ ಮಕ್ಕಳು ಅವಳನ್ನು ಕೇಳತೊಡಗಿದರು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ ಮಕ್ಕಳ ಮಾತು, ಅಸ್ಸಾಮಿ. ನಮ್ಮ ಒಂದೇ ತರಗತಿಯಲ್ಲಿ ಇಷ್ಟು ಭಾಷೆಗಳಿವೆ ಎಂಬುದು ಒಂದು ಸೊಪ್ಪಿಗೆ ಐದು ಹೆಸರು ಬರೆದ ಚೀಟಿಗಳನ್ನು ಮಡಿಗೆ ನೆಟ್ಟಾಗ ನಮಗೇ ಗೊತ್ತಾಯಿತು. ಎಲ್ಲ ಹೆಸರನ್ನೂ ಕನ್ನಡ ಲಿಪಿಯಲ್ಲಿ ಬರೆಸಿದೆ. ಆ ಹುಡುಗಿ ಒತ್ತಕ್ಷರ ಕಲಿತದ್ದು ಪಠ್ಯಪುಸ್ತಕದಿಂದಲ್ಲ, ಸೊಪ್ಪು, ಗೆಡ್ಡೆ, ಬಳ್ಳಿ, ಮಣ್ಣು, ಗೊಬ್ಬರ ಎಂದು ಈ ಚೀಟಿಗಳಲ್ಲಿ ಬರೆದು. ಭಾಷೆ ಬಾರದ ಮಕ್ಕಳಿಗೆ ಕನ್ನಡ ಕಲಿಸಲು ನಾನು ಹಿಂದೆ ಮಾಡಿದ ಯಾವ ಪ್ರಯತ್ನವೂ ಇಷ್ಟು ಬೇಗ ಫಲ ಕೊಟ್ಟಿರಲಿಲ್ಲ. ಕಾರಣ ಸರಳವಾದದ್ದು ಎಂದು ನನ್ನ ಅನಿಸಿಕೆ: ಮೊದಲ ಬಾರಿಗೆ ಅವಳ ಬಳಿ ಬೇರೆಯವರಿಗೆ ಬೇಕಾದ ಒಂದು ವಿಷಯವಿತ್ತು.

ಬೇಸಿಗೆ ರಜೆಯೇ ಶಾಲಾ ತೋಟಗಳ ಕಂಟಕ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆಗೆ ಬೀಗ. ಮಳೆಗಾಲದ ಬೆಳೆಗಳನ್ನು ನೆಡಬೇಕಾದದ್ದೂ ಅದೇ ಹೊತ್ತಿನಲ್ಲಿ. ಮೊದಲ ವರ್ಷ ನಾನು ಊರಿಗೆ ಹೋಗದೆ ಉಳಿದು ನೀರು ಹಾಕಿದೆ, ಅದು ಪ್ರತಿ ವರ್ಷ ನಡೆಯುವ ಮಾತಲ್ಲ. 2024ರ ಬೇಸಿಗೆಯಲ್ಲಿ ಬಾವಿಯ ನೀರು ತಳ ಕಂಡಿತ್ತು. ಆಗ ಎಸ್‌ಡಿಎಂಸಿಯಲ್ಲಿ ಒಂದು ಒಪ್ಪಂದಕ್ಕೆ ಬಂದೆವು: ರಜೆಯಲ್ಲಿ ನೀರು ಹಾಕಿ ನೋಡಿಕೊಳ್ಳುವ ಮನೆಯವರಿಗೆ ಆ ದಿನಗಳ ಬೆಳೆಯೆಲ್ಲವೂ ಸೇರುತ್ತದೆ, ಲೆಕ್ಕ ಮಾತ್ರ ವಹಿಯಲ್ಲಿ ಬರೆಯಬೇಕು. ಐದು ಮನೆಯವರು ಮುಂದೆ ಬಂದರು. ಗೇಟಿನ ಕೀಲಿಯನ್ನು ಕೇಳಿ ಪಡೆದುಕೊಂಡವರು, ಎರಡು ವರ್ಷ ಹಿಂದೆ ಸಭೆಯಲ್ಲಿ ಎದ್ದು ನಿಂತು ಪ್ರಶ್ನಿಸಿದ್ದ ಅದೇ ತಾಯಿ. ಅವರು ನನಗೆ ಏನೂ ಹೇಳಲಿಲ್ಲ, ನಾನೂ ಏನೂ ಕೇಳಲಿಲ್ಲ. ಜೂನ್‌ನಲ್ಲಿ ಬಂದು ನೋಡಿದಾಗ ಕೆಸ ಮೊಣಕಾಲೆತ್ತರ ಬಂದಿತ್ತು, ಬಸಳೆಗೆ ಬಿದಿರಿನ ಚಪ್ಪರ ಎದ್ದಿತ್ತು, ವಹಿಯಲ್ಲಿ ಅವರ ಮಗಳ ಕೈಬರಹದಲ್ಲಿ ದಿನಾಂಕ ಸಮೇತ ಹತ್ತೊಂಬತ್ತು ಸಾಲುಗಳಿದ್ದವು.

ಆ ಮಳೆಗಾಲದಲ್ಲಿ ಕೆಸದ ಗೆಡ್ಡೆಯ ಸಾರನ್ನು ಮೊದಲ ಬಾರಿಗೆ ಮಕ್ಕಳಿಗೆ ಬಡಿಸಿದೆವು. ಕೆಸದಲ್ಲಿ ನಾಲಿಗೆ ತುರಿಸುವ ಅಂಶವಿರುವುದರಿಂದ ಎಲೆಯನ್ನು ಶಾಲೆಯಲ್ಲಿ ಬಳಸಲು ನನಗೆ ಧೈರ್ಯ ಬಂದಿಲ್ಲ. ಗೆಡ್ಡೆಯನ್ನು ಅಕ್ಕ ಚೆನ್ನಾಗಿ ಬೇಯಿಸಿ ನೀರು ಬಸಿದು, ಎರಡು ಚಮಚ ಕಾಚಂಪುಳಿ ಹಾಕಿದರು. ಹುಳಿ ಬಿದ್ದರೆ ತುರಿಕೆ ಇರುವುದಿಲ್ಲ ಎನ್ನುತ್ತಾರೆ. ಯಾವ ಮಗುವೂ ದೂರಲಿಲ್ಲ. ಅದೇ ಮಳೆಗಾಲದಲ್ಲಿ ಆಫ್ರಿಕದ ದೈತ್ಯ ಬಸವನಹುಳುಗಳೂ ಬಂದವು. ಶನಿವಾರಸಂತೆ ಕಡೆಯ ಬೆಳೆಗಾರರನ್ನು ಕಾಡಿದ ಹುಳು ಇದು. ಒಂದು ರಾತ್ರಿಯಲ್ಲಿ ಪಪ್ಪಾಯಿ ಸಸಿಯ ಸಿಪ್ಪೆಯನ್ನೆಲ್ಲ ಕೆರೆದು ತಿನ್ನುತ್ತದೆ. ಇದಕ್ಕೆ ಮಾರುವ ವಿಷದ ಗುಳಿಗೆಗಳನ್ನು ಮಕ್ಕಳು ಓಡಾಡುವ ಜಾಗದಲ್ಲಿ ಇಡುವುದು ಸಾಧ್ಯವೇ ಇರಲಿಲ್ಲ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆಯ ದಂಟುಗಳನ್ನು ಇಟ್ಟು, ಬೆಳಗ್ಗೆ ಅಲ್ಲಿ ಸೇರಿದ ಹುಳುಗಳನ್ನು ದೊಡ್ಡವರು ಕೈಗವಸು ಹಾಕಿಕೊಂಡು ಹೆಕ್ಕಿ ಉಪ್ಪುನೀರಿನ ಬಕೆಟ್‌ಗೆ ಹಾಕಿ ಹೂಳುತ್ತಿದ್ದೆವು. ಅವು ರೋಗಕಾರಕ ಪರೋಪಜೀವಿಯನ್ನು ಹೊತ್ತಿರಬಹುದಾದ್ದರಿಂದ ಮಕ್ಕಳು ಮುಟ್ಟುವಂತಿರಲಿಲ್ಲ, ಎಣಿಸಿ ಬರೆಯುವುದಷ್ಟೇ ಅವರ ಕೆಲಸ. ಮೊದಲ ವಾರ 140, ಐದನೇ ವಾರ 11.

ವಹಿಯ ಲೆಕ್ಕವನ್ನು ಇದ್ದಂತೆ ಹೇಳುತ್ತೇನೆ. ಮೊದಲ ವರ್ಷ 96 ಕಿಲೋ, ಎರಡನೇ ವರ್ಷ ಬೇಲಿಯ ಬಾಳೆ, ಪಪ್ಪಾಯಿ, ಸಿಹಿಗುಂಬಳ ಸೇರಿ 210 ಕಿಲೋ. ಬೇಕಾದ 814 ಕಿಲೋದಲ್ಲಿ ಇದು ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಸಂತೆಯ ತರಕಾರಿ ನಿಂತಿಲ್ಲ, ನಿಲ್ಲುವುದೂ ಇಲ್ಲ. ನಾಲ್ಕು ಸೆಂಟ್ ನೆಲ ಅರವತ್ತು ಮಕ್ಕಳಿಗೆ ಪೂರ್ತಿ ಉಣಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಜುಲೈ ತಿಂಗಳ ಸಾಂಬಾರಿನಲ್ಲಿ ಈಗ ಬಸಳೆ ಇದೆ, ಚಕ್ರಮುನಿ ಇದೆ, ಸೀಮೆಬದನೆ ಇದೆ, ಮತ್ತು ಸೊಪ್ಪನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದ ಮಕ್ಕಳು ತಾವು ಕೊಯ್ದದ್ದನ್ನು ಸರಿಸುವುದಿಲ್ಲ.

ಲಾಯಿ ತಂದ ಹುಡುಗಿಯ ಕುಟುಂಬ 2024ರ ಮಾರ್ಚ್ ಕೊನೆಗೆ, ಕಾಫಿ ಕೊಯ್ಲು ಮುಗಿದ ಮೇಲೆ ಊರಿಗೆ ಹೊರಟುಹೋಯಿತು. ವರ್ಗಾವಣೆ ಪತ್ರ ತೆಗೆದುಕೊಳ್ಳಲು ತಾಯಿಯ ಜೊತೆ ಬಂದವಳು ತೋಟಕ್ಕೆ ಹೋಗಿ, ಬೀಜಕ್ಕೆಂದು ಬಿಟ್ಟಿದ್ದ ಎರಡು ಲಾಯಿ ಗಿಡಗಳ ಒಣಗಿದ ಕಾಯಿಗಳನ್ನು ಕೈಯಲ್ಲಿ ತಿಕ್ಕಿ, ಊದಿ ಹೊಟ್ಟು ಹಾರಿಸಿ, ಬೀಜವನ್ನು ಎರಡು ಪೊಟ್ಟಣ ಮಾಡಿದಳು. ಒಂದನ್ನು ನನಗೆ ಕೊಟ್ಟು ಇನ್ನೊಂದನ್ನು ತಾನು ಇಟ್ಟುಕೊಂಡಳು, ಜೊತೆಗೆ ನಮ್ಮ ಕೆಂಪು ಹರಿವೆಯ ಬೀಜವನ್ನೂ ಕೇಳಿ ಪಡೆದಳು. ನನ್ನ ಬಳಿ ಉಳಿದ ಪೊಟ್ಟಣದ ಮೇಲೆ ಅವಳೇ ಪೆನ್ಸಿಲ್‌ನಲ್ಲಿ ಬರೆದಿದ್ದಾಳೆ: "ಲಾಯಿ ಸೊಪ್ಪು. ದಸರಾ ರಜೆ ಆದಮೇಲೆ." ಆ ಅಕ್ಟೋಬರ್‌ನಲ್ಲಿ ಅದು ಮೂರು ಮಡಿಗೆ ಸಾಕಾಯಿತು.